ಪದವಿನಲ್ಲಿ ದನ ಮೇಯಬೇಕೇ, ಬೇಡವೇ?

ಜೂನ್ ಎರಡನೆಯ ವಾರ ಮಣಿಪಾಲದ ಆಸುಪಾಸಿನ ಯಾವುದಾದರೂ ಪದವಿಗೆ, ಅಂದರೆ ಮುರಕಲ್ಲಿನ (ಲ್ಯಾಟರೈಟ್ ಕಲ್ಲಿನ) ಬಯಲಿಗೆ, ಹೋಗಿ ನಿಲ್ಲಿ. ಏಪ್ರಿಲಿನಲ್ಲಿ ಕಾದ ಕಾವಲಿಯಂತಿದ್ದ ಮುರಕಲ್ಲಿನ ಮೇಲೆ ಬೆರಳುದ್ದದ ಹಸಿರು ಎದ್ದಿರುತ್ತದೆ. ಕಲ್ಲಿನ ತಗ್ಗುಗಳಲ್ಲಿ ಮಳೆನೀರು ನಿಂತಿರುತ್ತದೆ. ಸಂಜೆಯಾದರೆ ಆ ನೀರಿನಂಚಿನಿಂದ ಜೀರುಂಡೆ ಕೂಗಿದಂಥ ಸದ್ದು ಬರುತ್ತದೆ. ಕೂಗುವುದು ಜೀರುಂಡೆಯಲ್ಲ, ಹೆಬ್ಬೆರಳಿನ ಉಗುರಿನಷ್ಟೇ ಇರುವ ಒಂದು ಕಪ್ಪೆ. 2016ರಲ್ಲಿ ವಿಜ್ಞಾನಿಗಳು ಇದನ್ನು ಹೊಸ ಪ್ರಭೇದವೆಂದು ವಿವರಿಸಿ, ಅದು ಬದುಕುವ ಕಲ್ಲಿನ ಹೆಸರನ್ನೇ ಅದಕ್ಕೆ ಇಟ್ಟರು: ಮೈಕ್ರೊಹೈಲಾ ಲ್ಯಾಟರೈಟ್. ಕಡತಗಳಲ್ಲಿ ಪಾಳುಭೂಮಿ ಎನಿಸಿಕೊಂಡಿರುವ ಮುರಕಲ್ಲ ಬಯಲುಗಳತ್ತ ಜನರ ಗಮನ ಹರಿಯಲಿ ಎಂದೇ ಅವರು ಆ ಹೆಸರನ್ನು ಆರಿಸಿದ್ದರು.

ಅದೇ ಪದವಿನಲ್ಲಿ ಊರ ದನಗಳೂ ಮೇಯುತ್ತಿರುತ್ತವೆ. ಅವು ಕಪ್ಪೆಯ, ಹೂವಿನ, ಹಕ್ಕಿಯ ಮನೆಯನ್ನು ತಿಂದು ಮುಗಿಸುತ್ತಿವೆಯೇ? ಅಥವಾ ಆ ಮನೆ ಉಳಿದಿರುವುದರಲ್ಲಿ ಅವುಗಳ ಪಾಲೂ ಇದೆಯೇ? ವಿಶ್ವಸಂಸ್ಥೆಯು 2026ನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದ ಮೇಲೆ ಈ ಪ್ರಶ್ನೆ ಜಗತ್ತಿನಾದ್ಯಂತ ಚರ್ಚೆಯಾಗುತ್ತಿದೆ. ನಮ್ಮ ಉಡುಪಿ, ಮಂಗಳೂರು ಸೀಮೆಯಲ್ಲಿ ಇದಕ್ಕೆ ಹೆಚ್ಚಿನ ತುರ್ತು ಇದೆ ಎಂದು ನನಗೆ ಅನಿಸುತ್ತದೆ. ಏಕೆಂದರೆ ಇಲ್ಲಿ ದನದ ಹಟ್ಟಿಗಳೂ ಪದವುಗಳೂ ಒಟ್ಟೊಟ್ಟಿಗೆ ಖಾಲಿಯಾಗುತ್ತಿವೆ.

ಎರಡು ಮಾತುಗಳ ಅರ್ಥ

ಜೀವವೈವಿಧ್ಯ ಎಂದರೆ ಒಂದು ಜಾಗದಲ್ಲಿರುವ ಜೀವಿಗಳ ಬಗೆಗಳು. ಹುಲಿ, ಕಾಟಿಗಳಷ್ಟೇ ಅಲ್ಲ, ಹುಲ್ಲು, ಹುಳ, ಅಣಬೆ, ಬೇರೆ ಬೇರೆ ತಳಿಯ ಭತ್ತ, ಬೇರೆ ಬೇರೆ ತಳಿಯ ದನ ಎಲ್ಲವೂ ಇದರಲ್ಲಿ ಸೇರುತ್ತವೆ. ಸುಸ್ಥಿರ ಜಾನುವಾರು ಸಾಕಣೆ ಎಂದರೆ ಸಾಕುವವರ ಹೊಟ್ಟೆಗೂ ದಾರಿಯಾಗಿ, ಮುಂದಿನ ವರ್ಷವೂ ಅದರ ಮುಂದಿನ ವರ್ಷವೂ ಅದೇ ನೆಲದಲ್ಲಿ ಅಷ್ಟೇ ಹುಲ್ಲು, ನೀರು, ಜೀವ ಉಳಿಯುವಂತೆ ದನ ಸಾಕುವುದು. ಅಮೆರಿಕ ಖಂಡಗಳಲ್ಲಿ ಸಾವಿರಾರು ಎಕರೆಗೆ ಬೇಲಿ ಹಾಕಿ ನೂರಾರು ದನಗಳನ್ನು ಬಿಡುವ ರಾಂಚ್‌ಗಳಿವೆ. ನಮ್ಮಲ್ಲಿ ಒಂದು ಮನೆಗೆ ಎರಡು, ಮೂರು ದನ. ಗಾತ್ರ ಬೇರೆಯಾದರೂ ಹುಲ್ಲು ಮತ್ತು ದನದ ನಡುವಿನ ಲೆಕ್ಕ ಎರಡೂ ಕಡೆ ಒಂದೇ.

ಮೇಯಿಸಿದರೂ ಹುಲ್ಲು ಬದುಕುವುದು ಹೇಗೆ?

ಬಸಳೆಯ ಚಪ್ಪರ ನೋಡಿದವರಿಗೆ ಅರ್ಧ ಉತ್ತರ ಗೊತ್ತಿದೆ. ಕುಡಿ ಚಿವುಟಿದರೆ ಕೆಳಗಿನ ಗೆಣ್ಣಿನಿಂದ ಎರಡು ಹೊಸ ಕುಡಿ ಬರುತ್ತವೆ. ಹುಲ್ಲಿನ ಉಪಾಯ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಹೆಚ್ಚಿನ ಗಿಡಗಳು ಬೆಳೆಯುವುದು ತುದಿಯಲ್ಲಿ. ಹುಲ್ಲಿನ ಎಸಳು ಬುಡದಿಂದ ಮೇಲಕ್ಕೆ ತಳ್ಳಿಕೊಂಡು ಬೆಳೆಯುತ್ತದೆ, ಬೆಳೆಯುವ ಭಾಗ ನೆಲಕ್ಕೆ ಅಂಟಿಕೊಂಡಿರುತ್ತದೆ. ದನ ಕಚ್ಚಿದ್ದು ಹಳೆಯ ತುದಿಯನ್ನು, ಕಾರ್ಖಾನೆ ಕೆಳಗೆ ಭದ್ರ. ಹುಲ್ಲೂ ಮೇಯುವ ಪ್ರಾಣಿಗಳೂ ಲಕ್ಷಾಂತರ ವರ್ಷ ಜೊತೆಯಲ್ಲೇ ಬೆಳೆದು ಬಂದದ್ದರ ಗುರುತು ಇದು.

ಆದರೆ ಕಚ್ಚಿದ ಮೇಲೆ ಹುಲ್ಲಿಗೆ ಚೇತರಿಸಿಕೊಳ್ಳಲು ದಿನಗಳು ಬೇಕು. ಹೊಸ ಎಸಳು ಹೊರಡುವುದು ಬೇರು ಮತ್ತು ಬುಡದಲ್ಲಿ ಕೂಡಿಟ್ಟ ಆಹಾರದಿಂದ. ಅದು ಮತ್ತೆ ತುಂಬುವ ಮೊದಲೇ ಇನ್ನೊಂದು ಬಾಯಿ, ಮತ್ತೊಂದು ಬಾಯಿ ಬಿದ್ದರೆ ಬೇರು ಸೊರಗುತ್ತದೆ, ನೆಲ ಬರಿದಾಗುತ್ತದೆ, ನಮ್ಮಲ್ಲಿ ಸುರಿಯುವ ಮಳೆಗೆ ಆ ತೆಳು ಮಣ್ಣು ಒಂದೆರಡು ವರ್ಷವೂ ನಿಲ್ಲುವುದಿಲ್ಲ. ಹಾಗಾಗಿ ಎಷ್ಟು ದನ ಎಂಬ ಪ್ರಶ್ನೆಯ ಜೊತೆಗೆ ಎಷ್ಟು ದಿನ, ಎಷ್ಟು ಬಿಡುವು ಕೊಟ್ಟು ಎಂಬ ಪ್ರಶ್ನೆಯೂ ಬರುತ್ತದೆ. ಜಾಗವನ್ನು ಪಾಲು ಮಾಡಿಕೊಂಡು ಒಂದರಲ್ಲಿ ಮೇಯಿಸಿ, ಉಳಿದವುಗಳಿಗೆ ಬಿಡುವು ಕೊಡುವುದನ್ನು ಸರದಿ ಮೇವು ಎನ್ನುತ್ತಾರೆ.

ಮೇಯಿಸದೇ ಬಿಟ್ಟರೆ ಇನ್ನೂ ಒಳ್ಳೆಯದಲ್ಲವೇ? ಇಲ್ಲಿ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಮೊದಲು ಕುಳಿತ ನಾಲ್ವರೇ ಎಲ್ಲವನ್ನೂ ಬಡಿಸಿಕೊಂಡರೆ ಕೊನೆಯ ಎಲೆಗೆ ಸಾರಿನ ತಿಳಿಯೂ ಉಳಿಯುವುದಿಲ್ಲ. ಹುಲ್ಲುಗಾವಲಿನಲ್ಲಿ ಆ ನಾಲ್ವರೆಂದರೆ ಮುಳಿಹುಲ್ಲಿನಂಥ ಎತ್ತರದ ಹುಲ್ಲುಗಳು ಮತ್ತು ಪೊದೆಗಳು. ಅವು ಬೆಳಕನ್ನೆಲ್ಲ ಮೇಲೆಯೇ ಹಿಡಿದುಕೊಳ್ಳುತ್ತವೆ. ಪದವಿನ ಸಂಪತ್ತು ಇರುವುದು ನೆಲಮಟ್ಟದಲ್ಲಿ: ಗುಂಡುಪಿನ್ನಿನಂಥ ಬಿಳಿ ತಲೆಯ ಎರಿಯೊಕಾಲಾನ್, ಅಂಟುಹನಿಗಳಿಂದ ಹುಳ ಹಿಡಿಯುವ ಡ್ರೊಸೆರಾ, ಬೇರಿನ ಬಳಿಯ ಪುಟ್ಟ ಚೀಲಗಳಲ್ಲಿ ಬೇಟೆಯಾಡುವ ನೀಲಿ ಹೂವಿನ ಯುಟ್ರಿಕ್ಯುಲೇರಿಯಾ. ಎಲ್ಲವೂ ಗೇಣುದ್ದದ ಒಳಗಿನವು. ಮಿತವಾಗಿ ಮೇಯುವ ದನ ಎತ್ತರದವರನ್ನು ತಗ್ಗಿಸಿ ಇವರಿಗೂ ಬೆಳಕು ಬಡಿಸುತ್ತದೆ. ತೀರಾ ಕಡಿಮೆ ಅಡ್ಡಿಯೂ ಅಲ್ಲದ, ತೀರಾ ಹೆಚ್ಚೂ ಅಲ್ಲದ ಕಡೆಯಲ್ಲೇ ಹೆಚ್ಚು ಬಗೆಯ ಜೀವಿಗಳು ಒಟ್ಟಿಗೆ ಬಾಳಬಲ್ಲವು ಎಂಬ ಈ ವಿಚಾರವನ್ನು ಜೋಸೆಫ್ ಕಾನೆಲ್ ಎಂಬ ವಿಜ್ಞಾನಿ 1978ರಲ್ಲಿ ಮಳೆಕಾಡು ಮತ್ತು ಹವಳದ ದಿಬ್ಬಗಳ ಉದಾಹರಣೆ ಕೊಟ್ಟು ಮಂಡಿಸಿದ್ದರು. ಎಲ್ಲ ನೆಲಕ್ಕೂ ಇದು ಅಕ್ಷರಶಃ ಹೊಂದುವುದಿಲ್ಲ. ದಟ್ಟ ಕಾಡಿಗಂತೂ ದನ ಬೇಕಿಲ್ಲ. ಆದರೆ ಹುಲ್ಲಿನ ಹಲವು ನೆಲಗಳಲ್ಲಿ ಇದು ನಿಜವೆಂದು ಕಂಡಿದೆ.

ಭರತ್‌ಪುರ ಕಲಿಸಿದ ಪಾಠ

ನಮ್ಮ ದೇಶದಲ್ಲೇ ಇದಕ್ಕೊಂದು ನೋವಿನ ಉದಾಹರಣೆ ಇದೆ. ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ಪಕ್ಷಿಧಾಮದ ಜೌಗಿನಲ್ಲಿ ಸುತ್ತಲಿನ ಹಳ್ಳಿಗಳ ಎಮ್ಮೆಗಳು ತಲೆಮಾರುಗಳಿಂದ ಮೇಯುತ್ತಿದ್ದವು. ಅದು ರಾಷ್ಟ್ರೀಯ ಉದ್ಯಾನವಾದ ಮೇಲೆ, 1982ರಲ್ಲಿ, ಮೇಯಿಸುವುದನ್ನು ನಿಷೇಧಿಸಲಾಯಿತು. ಹಳ್ಳಿಗರು ಪ್ರತಿಭಟಿಸಿದರು, ಪೊಲೀಸರ ಗುಂಡಿಗೆ ಜೀವಗಳು ಹೋದವು. ಆಮೇಲೆ ಆದದ್ದು ಯಾರೂ ಎಣಿಸದ ಸಂಗತಿ. ಎಮ್ಮೆಗಳು ತಿಂದು ಹದದಲ್ಲಿಟ್ಟಿದ್ದ ನೀರುಹುಲ್ಲು ಹಬ್ಬಿ, ತೆರೆದ ನೀರನ್ನೇ ಮುಚ್ಚಿತು. ಬಾತುಗಳಿಗೆ ಈಜಲು ಜಾಗ ಕಡಿಮೆಯಾಯಿತು, ಗೆಡ್ಡೆ ಅಗೆದು ತಿನ್ನುವ ಸೈಬೀರಿಯನ್ ಕೊಕ್ಕರೆಗಳಿಗೆ ಕೆಸರು ತಲುಪುವುದೇ ಕಷ್ಟವಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸುಮಾರು ಹತ್ತು ವರ್ಷಗಳ ಅಧ್ಯಯನವು ಎಮ್ಮೆಗಳು ಆ ಜೌಗಿಗೆ ಉಪಕಾರಿಯಾಗಿದ್ದವು ಎಂಬ ನಿರ್ಣಯಕ್ಕೆ ಬಂತು. ಹಕ್ಕಿಗಳನ್ನು ಉಳಿಸಲೆಂದೇ ತಂದ ನಿಷೇಧ ಹಕ್ಕಿಗಳಿಗೇ ತೊಡಕಾಗಿತ್ತು.

ಒಂದು ಸಗಣಿ ಮುದ್ದೆಯೊಳಗಿನ ಊರು

ದನ ಕೊಡುವುದು ಹಾಲು ಮಾತ್ರವಲ್ಲ. ಹುಲ್ಲುಗಾವಲಿನ ದೃಷ್ಟಿಯಿಂದ ನೋಡಿದರೆ ಸಗಣಿಯೇ ಮೊದಲು. ಬಿದ್ದ ಕೆಲವೇ ನಿಮಿಷಗಳಲ್ಲಿ ಸಗಣಿ ಹುಳಗಳು ಬರುತ್ತವೆ. ಇವುಗಳಲ್ಲಿ ಮೂರು ಪಂಗಡ. ಉಂಡೆ ಕಟ್ಟಿ ಹಿಂಗಾಲಿನಿಂದ ಉರುಳಿಸಿಕೊಂಡು ಹೋಗುವವು, ಸಗಣಿಯ ಅಡಿಯಲ್ಲೇ ಬಿಲ ತೋಡಿ ಕೆಳಗಿಳಿಸುವವು, ಸಗಣಿಯೊಳಗೇ ಸಂಸಾರ ಹೂಡುವವು. ಉರುಳಿಸುವ ಪಂಗಡದ ಒಂದು ಹುಳ ರಾತ್ರಿ ಹೊತ್ತು ಆಕಾಶಗಂಗೆಯ ಬೆಳಕನ್ನು ನೋಡಿಕೊಂಡು ನೇರ ನಡೆಯುತ್ತದೆ ಎಂದು ಆಫ್ರಿಕಾದಲ್ಲಿ ನಡೆದ ಪ್ರಯೋಗವೊಂದು 2013ರಲ್ಲಿ ತೋರಿಸಿತು. ಅದನ್ನು ಓದಿದ ದಿನದಿಂದ ನನಗೆ ಸಗಣಿ ಹುಳವನ್ನು ನೋಡಿದಾಗಲೆಲ್ಲ ನಿಂತು ನೋಡಬೇಕೆನಿಸುತ್ತದೆ.

ಈ ಹುಳಗಳು ಮಾಡುವ ಕೆಲಸವನ್ನು ಕೂಲಿ ಕೊಟ್ಟು ಮಾಡಿಸಲು ಸಾಧ್ಯವಿಲ್ಲ. ಬಿಲ ತೋಡುವಾಗ ಮಣ್ಣು ಸಡಿಲವಾಗಿ ಮಳೆನೀರು ಇಳಿಯುತ್ತದೆ. ಗೊಬ್ಬರ ಬೇರಿನ ಬಳಿಗೆ ತಲುಪುತ್ತದೆ. ಸಗಣಿಯಲ್ಲಿ ಮೊಟ್ಟೆಯಿಡುವ ನೊಣಗಳಿಗೂ ದನದ ಹೊಟ್ಟೆಯ ಹುಳುಗಳಿಗೂ ಸ್ಥಳ ಸಿಗುವುದಿಲ್ಲ. ಸಗಣಿ ಹುಳಗಳಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯಾ ಕಂಡಿದೆ. ಅಲ್ಲಿನ ಮೂಲ ಸಗಣಿ ಹುಳಗಳಿಗೆ ಕಾಂಗರೂಗಳ ಗಟ್ಟಿ ಹಿಕ್ಕೆ ಗೊತ್ತಿತ್ತು, ಯುರೋಪಿನಿಂದ ಬಂದ ದನಗಳ ನೀರು ಸಗಣಿ ಹೆಚ್ಚಿನವುಗಳಿಗೆ ಒಗ್ಗಲಿಲ್ಲ. ಸಗಣಿ ಹುಲ್ಲಿನ ಮೇಲೆ ಒಣಗಿ ಹಪ್ಪಳವಾಗಿ ಕುಳಿತಿತು, ನೊಣಗಳ ಕಾಟ ಮಿತಿಮೀರಿತು. 1960ರ ದಶಕದ ಕೊನೆಯಿಂದ ಆ ದೇಶದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒ, ಆಫ್ರಿಕಾ ಮತ್ತು ಯುರೋಪಿನಿಂದ ಹತ್ತಾರು ಬಗೆಯ ಸಗಣಿ ಹುಳಗಳನ್ನು ತಂದು ಬಿಡಬೇಕಾಯಿತು. ನಮ್ಮಲ್ಲಿ ಅವು ಬಿಟ್ಟಿಯಾಗಿಯೇ ಇವೆ.

ಹುಳ ಬಂದಲ್ಲಿ ಅದನ್ನು ಹೆಕ್ಕುವವರೂ ಬರುತ್ತಾರೆ. ಕಾಜಾಣ, ಮೈನಾ, ಗೋವಕ್ಕಿ. ದನದ ಕಾಲ ಬಳಿ ಗೋವಕ್ಕಿ ನಡೆಯುವುದು ಗೆಳೆತನಕ್ಕಲ್ಲ. ದನ ಹೆಜ್ಜೆಯಿಟ್ಟಾಗ ಹುಲ್ಲಿನಿಂದ ಹಾರುವ ಮಿಡತೆಗಾಗಿ. ಒಂಟಿಯಾಗಿ ಹುಡುಕುವುದಕ್ಕಿಂತ ಕಡಿಮೆ ಶ್ರಮದಲ್ಲಿ ಹೆಚ್ಚು ತುತ್ತು ಸಿಗುತ್ತದೆ.

ಈ ಸರಪಳಿಗೆ ನಾವು ನಮಗರಿವಿಲ್ಲದೆ ಪೆಟ್ಟು ಕೊಡುವುದು ಔಷಧಿಯ ಮೂಲಕ. ಜಂತುಹುಳಕ್ಕೂ ಉಣ್ಣಿಗೂ ಕೊಡುವ ಐವರ್‌ಮೆಕ್ಟಿನ್ ದನದ ದೇಹದಿಂದ ಬಹುಪಾಲು ಸಗಣಿಯಲ್ಲೇ ಹೊರಬರುತ್ತದೆ, ಹಲವು ದಿನ ಅಲ್ಲೇ ಉಳಿದು ಸಗಣಿ ಹುಳದ ಮರಿಗಳನ್ನು ಕೊಲ್ಲುತ್ತದೆ. ಇನ್ನೊಂದು ಕತೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. 1990ರ ದಶಕದಿಂದ ಈಚೆಗೆ ಭಾರತದ ಮೂರು ಪ್ರಭೇದದ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಇಲ್ಲವಾದವು. ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು 2006ರಲ್ಲಿ, ಅದೇ ಬಗೆಯ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಬಳಕೆಯನ್ನು 2023ರಲ್ಲಿ ನಿಷೇಧಿಸಲಾಯಿತು. ಮೆಲಾಕ್ಸಿಕಾಮ್ ಎಂಬ ಔಷಧಿ ಹದ್ದುಗಳಿಗೆ ಹಾನಿ ಮಾಡುವುದಿಲ್ಲವೆಂದು ಪರೀಕ್ಷೆಗಳಲ್ಲಿ ಕಂಡಿದೆ. ಹಟ್ಟಿಗೆ ಬರುವ ಪಶುವೈದ್ಯರನ್ನು ಔಷಧಿಯ ಹೆಸರು ಕೇಳುವುದು ಹದ್ದಿಗೂ ಒಂದು ಉಪಕಾರ.

ಊರ ದನದ ಹೊಟ್ಟೆಯ ಲೆಕ್ಕ

ಯಾವ ದನ ಎಂಬುದೂ ಮುಖ್ಯ. ತುಳುವಿನಲ್ಲಿ ಊರುದ ಪೆತ್ತ, ಕನ್ನಡದಲ್ಲಿ ಊರ ದನ, ಗಿಡ್ಡ ಎಂದೆಲ್ಲ ಕರೆಯುವ ನಮ್ಮ ಪುಟ್ಟ ದನಕ್ಕೆ 2012ರಲ್ಲಿ ಮಲೆನಾಡು ಗಿಡ್ಡ ಎಂಬ ಹೆಸರಿನಲ್ಲಿ ಪ್ರತ್ಯೇಕ ತಳಿಯೆಂಬ ಅಧಿಕೃತ ಮಾನ್ಯತೆ ದೊರೆಯಿತು. ಎತ್ತರ ಒಂದು ಮೀಟರಿಗೂ ಕಡಿಮೆ. ದಿನಕ್ಕೆ ಹೆಚ್ಚೆಂದರೆ ಎರಡು, ಮೂರು ಲೀಟರ್ ಹಾಲು. ಹಾಲಿನ ಡಬ್ಬಿ ಇಟ್ಟು ಅಳೆದರೆ ಮಿಶ್ರತಳಿಯ ಮುಂದೆ ಇದು ಸೋಲುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಅಳತೆಯನ್ನು ನೆಲಕ್ಕೆ ಬದಲಿಸಿ ನೋಡಿ. ದನವೊಂದು ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡರಿಂದ ಮೂರರಷ್ಟು ಒಣಮೇವು ತಿನ್ನುತ್ತದೆ. 110 ಕಿಲೋ ತೂಗುವ ಊರ ದನಕ್ಕೆ ಮೂರು ಕಿಲೋದ ಒಳಗೆ ಸಾಕು. 400 ಕಿಲೋ ತೂಗುವ ಮಿಶ್ರತಳಿಗೆ ಹತ್ತು ಕಿಲೋ ಬೇಕು, ಜೊತೆಗೆ ಹಿಂಡಿ. ಅಷ್ಟು ಮೇವು ಪದವಿನಲ್ಲಿ ಹುಟ್ಟುವುದಿಲ್ಲ, ಹೊರಗಿನಿಂದ ಲಾರಿಯಲ್ಲಿ ಬರಬೇಕು. ಊರ ದನ ಹಗುರ, ಗೊರಸು ಚಿಕ್ಕದು, ಕಲ್ಲು ದಿಣ್ಣೆಯಲ್ಲಿ ಸಲೀಸಾಗಿ ಓಡಾಡುತ್ತದೆ, ನಾಲ್ಕು ತಿಂಗಳ ಜಡಿಮಳೆಯನ್ನು ತಡೆದುಕೊಳ್ಳುತ್ತದೆ, ಒರಟು ಹುಲ್ಲಿನಲ್ಲೇ ಬದುಕುತ್ತದೆ. ಮನೆಯ ಅಕ್ಕಚ್ಚು ಒಂದು ಬಾಲ್ದಿ ಸಿಕ್ಕಿದರೆ ಸಂಜೆ ತಾನಾಗಿಯೇ ಹಟ್ಟಿಗೆ ಬಂದು ನಿಲ್ಲುತ್ತದೆ. ಜೀವವೈವಿಧ್ಯ ಉಳಿಸುವ ಮಾತಾಡುವಾಗ ಈ ತಳಿಯೂ ಉಳಿಯಬೇಕಾದ ವೈವಿಧ್ಯದ ಭಾಗ ಎಂಬುದನ್ನು ನಾವು ಮರೆಯುತ್ತೇವೆ.

ಒಂದು ದನಕ್ಕೆ ಎಷ್ಟು ಜಾಗ ಬೇಕು? ಕರ್ನಾಟಕ ಭೂಕಂದಾಯ ನಿಯಮಗಳು 100 ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಊರಿನ ಗೋಮಾಳ ಮೀಸಲಿಡಬೇಕೆಂದು ಹೇಳುತ್ತವೆ. ನಮ್ಮ ಲೆಕ್ಕಕ್ಕೆ ತಂದರೆ ದನವೊಂದಕ್ಕೆ ಸುಮಾರು 30 ಸೆಂಟ್ಸ್. ಹತ್ತು ಸೆಂಟ್ಸ್‌ನ ಮೂರು ಮನೆ ನಿವೇಶನಗಳಷ್ಟು.

ಕುಮ್ಕಿ, ಹಾಡಿ, ಬೈಲು

ಕರಾವಳಿಯಲ್ಲಿ ಗೋಮಾಳಕ್ಕಿಂತ ಹೆಚ್ಚು ಕಿವಿಗೆ ಬೀಳುವ ಮಾತು ಕುಮ್ಕಿ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕದೀಂ ವರ್ಗ (ಹಳೆಯ ಕಾಲದಿಂದ ಕಂದಾಯ ದಾಖಲೆಯಲ್ಲಿರುವ) ಜಮೀನಿನ ಗಡಿಯಿಂದ 100 ಗಜದೊಳಗಿನ ಸರ್ಕಾರಿ ನೆಲದಲ್ಲಿ ಸೊಪ್ಪು ಕಡಿಯುವ, ಸೌದೆ ತರುವ, ದನ ಮೇಯಿಸುವ ಸವಲತ್ತು ಆ ಕೃಷಿಕನಿಗೆ ಇತ್ತು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಅದನ್ನು ಮುಂದುವರಿಸಿತು. ನೆಲ ಸರ್ಕಾರದ್ದು, ಬಳಕೆ ಕೃಷಿಕನದು, ಉಳುವಂತಿಲ್ಲ.

ಈ ಏರ್ಪಾಟನ್ನು ಒಂದು ಚಕ್ರದಂತೆ ನೋಡಬೇಕು. ಮಳೆಗಾಲದಲ್ಲಿ ಬೈಲಿನ ಗದ್ದೆಗಳಲ್ಲಿ ಏಣೆಲು ಭತ್ತದ ಬೆಳೆ ನಿಂತಿರುವಾಗ ದನಗಳು ಮೇಲೆ, ಪದವು ಮತ್ತು ಗುಡ್ಡೆಯಲ್ಲಿ. ಕೊಯ್ಲು ಮುಗಿದ ಮೇಲೆ ಕೆಳಗೆ, ಗದ್ದೆಯ ಕೂಳೆಯಲ್ಲಿ. ಆಗ ಮೇಲಿನ ಹುಲ್ಲಿಗೆ ಬಿಡುವು. ಹಾಡಿಯಿಂದ, ಅಂದರೆ ಊರ ಬದಿಯ ಸಣ್ಣ ಕಾಡಿನಿಂದ, ತಂದ ಸೊಪ್ಪನ್ನು ಹಟ್ಟಿಗೆ ಹಾಸುತ್ತಿದ್ದರು. ಸಗಣಿ, ಗಂಜಲದಲ್ಲಿ ನೆನೆದು ಅದು ಹಟ್ಟಿಗೊಬ್ಬರವಾಗಿ ಗದ್ದೆಗೆ ಹೋಗುತ್ತಿತ್ತು. ಗದ್ದೆಯಿಂದ ಬೈಹುಲ್ಲು ಮರಳಿ ಹಟ್ಟಿಗೆ ಬರುತ್ತಿತ್ತು. ಇಂದು ತಜ್ಞರು ಸರದಿ ಮೇವು ಎನ್ನುವುದನ್ನು ನಮ್ಮ ಅಜ್ಜ ಅಜ್ಜಿಯಂದಿರು ಭತ್ತದ ಬೆಳೆಯ ಲೆಕ್ಕದಲ್ಲೇ ನಡೆಸುತ್ತಿದ್ದರು.

ಚಕ್ರದ ಒಂದೊಂದೇ ಕಡ್ಡಿ ಕಳಚಿದೆ. ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದಲ್ಲಿ ಬೈಹುಲ್ಲಿಲ್ಲ. ಪದವುಗಳನ್ನು ಕೆಂಪುಕಲ್ಲಿನ ಕೋರೆಗಳು, ಬಡಾವಣೆಗಳು ತಿನ್ನುತ್ತಿವೆ. ಮರವಿಲ್ಲದ ಜಾಗವೆಂದು ಅಕೇಶಿಯಾ ನೆಟ್ಟ ಕಡೆಯೂ ಹುಲ್ಲು ನೆರಳಿಗೆ ಸಿಕ್ಕಿ ಹೋಗಿದೆ. ಮೇಯುವ ಬಾಯಿಲ್ಲದ ಗುಡ್ಡೆಗಳಲ್ಲಿ ಕಮ್ಯುನಿಸ್ಟ್ ಗಿಡ ಎಂಬ ಕಳೆ ಆಳೆತ್ತರ ನಿಂತಿದೆ. ಅದನ್ನು ದನ ಮುಟ್ಟುವುದೂ ಇಲ್ಲ. ಹಾಗಾಗಿ ಒಮ್ಮೆ ಅದು ನುಗ್ಗಿದ ಜಾಗಕ್ಕೆ ದನ ಬಿಟ್ಟರೆ ಸಾಲದು, ಮೊದಲು ಕೈಯಿಂದ ಕಿತ್ತು ಹುಲ್ಲಿಗೆ ಜಾಗ ಮಾಡಿಕೊಡಬೇಕು.

ಕೊಲಂಬಿಯಾದ ಹೊಲಗಳಲ್ಲಿ

ದಕ್ಷಿಣ ಅಮೆರಿಕದ ಕತೆ ಇದಕ್ಕಿಂತ ಕಠಿಣ. ಅಮೆಜಾನ್ ಕಾಡು ನಾಶದ ಅತಿ ದೊಡ್ಡ ಕಾರಣ ದನಗಳಿಗೆ ಹುಲ್ಲುಗಾವಲು ಮಾಡುವುದೇ. ಕಾಡು ಕಡಿದು ಬಿತ್ತಿದ ಒಂದೇ ಜಾತಿಯ ಹುಲ್ಲು ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಮತ್ತೆ ಹೊಸ ಕಾಡಿಗೆ ಕೊಡಲಿ ಬೀಳುತ್ತದೆ. ಇದನ್ನು ತಡೆಯಲು 2002ರ ಸುಮಾರಿಗೆ ಕೊಲಂಬಿಯಾ, ಕೋಸ್ಟರಿಕಾ, ನಿಕರಾಗುವಾಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಒಂದು ಪ್ರಯೋಗ ನಡೆಯಿತು. ಹೊಲದ ಪ್ರತಿ ತುಂಡಿಗೂ ಅಂಕ. ಮರವಿಲ್ಲದ ಸೊರಗಿದ ಹುಲ್ಲುಗಾವಲಿಗೆ ಸೊನ್ನೆ, ಮೂಲ ಕಾಡಿಗೆ ಅತಿ ಹೆಚ್ಚು, ಮರಗಳಿರುವ ಹುಲ್ಲುಗಾವಲು ಮತ್ತು ಜೀವಂತ ಬೇಲಿಗೆ ನಡುವಿನ ಅಂಕಗಳು. ಅಂಕ ಹೆಚ್ಚಿಸಿಕೊಂಡ ರೈತನಿಗೆ ಹಣ. ಆಮೇಲೆ 2010ರಿಂದ ಕೊಲಂಬಿಯಾದ ದನಗಾಹಿ ರೈತರ ಒಕ್ಕೂಟ, ಸಂಶೋಧನಾ ಸಂಸ್ಥೆಗಳು ಸೇರಿ ಅದನ್ನು ಸಾವಿರಾರು ಹೊಲಗಳಿಗೆ ಒಯ್ದವು.

ಅವರು ಮಾಡಿದ್ದು ಮೂರು ಅಂತಸ್ತಿನ ಮೇವು. ಕೆಳಗೆ ಹುಲ್ಲು, ನಡುವೆ ದನಕ್ಕೆ ನಿಲುಕುವ ಸುಬಾಬುಲ್‌ನಂಥ ಪೊದೆ, ಮೇಲೆ ನೆರಳಿನ ಮರ. ಸುಬಾಬುಲ್ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದರಿಂದ ಯೂರಿಯಾ ಉಳಿಯುತ್ತದೆ, ನೆರಳಿನಲ್ಲಿ ದನದ ದಣಿವು ಕಡಿಮೆ, ಮರವಿದ್ದಲ್ಲಿ ಹಕ್ಕಿ, ಇರುವೆ, ಬಾವಲಿ. ಅಷ್ಟೇ ಹಾಲು ಕಡಿಮೆ ನೆಲದಲ್ಲಿ ಸಿಕ್ಕಿದರೆ ಉಳಿದ ನೆಲವನ್ನು, ಮುಖ್ಯವಾಗಿ ತೊರೆಗಳ ದಂಡೆಯನ್ನು, ಕಾಡಿಗೆ ಮರಳಿಸಬಹುದು. ಜೀವಂತ ಬೇಲಿಗೆ ಅಲ್ಲಿ ನೆಡುವ ಗಿಡಗಳಲ್ಲೊಂದು ಗ್ಲಿರಿಸಿಡಿಯಾ. ಅಂದರೆ ನಮ್ಮ ತೋಟಗಳ ಗೊಬ್ಬರದ ಗಿಡ. ಅದು ಮಧ್ಯ ಅಮೆರಿಕದಿಂದಲೇ ಇಲ್ಲಿಗೆ ಬಂದದ್ದು. ಆದರೆ ಮೂರಂತಸ್ತಿನ ಈ ಮಾದರಿ ನಮ್ಮ ತೋಟದ ಬದಿಗೆ, ಹಡಿಲು ಗದ್ದೆಯ ಅಂಚಿಗೆ ಸರಿ. ಪದವಿಗೆ ಸಲ್ಲದು. ಪದವು ಹುಟ್ಟಿನಿಂದಲೇ ಬಯಲು, ಅಲ್ಲಿ ಮರ ನೆಡುವುದು ಕಪ್ಪೆಯ ಮನೆಗೆ ಬೀಗ ಹಾಕಿದಂತೆ.

ದನ ಹೋಗಬಾರದ ಕಡೆ

ದಟ್ಟ ಕಾಡಿನೊಳಕ್ಕೆ ದನ ಬಿಡುವುದಕ್ಕೆ ಈ ಯಾವ ಮಾತೂ ಅನ್ವಯಿಸುವುದಿಲ್ಲ. ಅಲ್ಲಿ ಅವು ಮರಗಳ ಸಸಿ ತಿನ್ನುತ್ತವೆ, ಕಾಲುಬಾಯಿ ರೋಗದಂಥ ಸೋಂಕನ್ನು ಕಾಟಿ, ಜಿಂಕೆಗಳಿಗೆ ದಾಟಿಸಬಲ್ಲವು. ಮಂಗನ ಕಾಯಿಲೆ ಹರಡುವ ಕಾಡಿನ ಉಣ್ಣಿಗಳು ಬೆಳೆದು ದೊಡ್ಡದಾಗಿ ರಕ್ತ ಹೀರುವುದು ಹೆಚ್ಚಾಗಿ ದನದಂಥ ದೊಡ್ಡ ಪ್ರಾಣಿಗಳ ಮೈಯಿಂದ; ಕಾಡಿಗೆ ದನ ಹೋದಷ್ಟೂ ಉಣ್ಣಿ ಹೆಚ್ಚುತ್ತದೆ. 1980ರ ದಶಕದ ಮೊದಲಿಗೆ ಬೆಳ್ತಂಗಡಿ ತಾಲೂಕಿನಲ್ಲಿ ಆ ಜ್ವರ ತಂದ ಸಾವುಗಳನ್ನು ನೆನಪಿಟ್ಟುಕೊಂಡವರು ಇನ್ನೂ ಇದ್ದಾರೆ.

ಮೀಥೇನಿನ ಪ್ರಶ್ನೆಯೂ ಇದೆ. ದನದ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಹುಲ್ಲು ಕೊಳೆಸುವಾಗ ಹುಟ್ಟುವ ಈ ಅನಿಲ ತೇಗಿನಲ್ಲಿ ಹೊರಬಂದು ಭೂಮಿಯ ಕಾವು ಏರಿಸುತ್ತದೆ. ಮೇಯಿಸುವ ಕ್ರಮ ಎಷ್ಟೇ ಚೆನ್ನಾಗಿದ್ದರೂ ಇದು ಸೊನ್ನೆಯಾಗುವುದಿಲ್ಲ. ಹಾಗಾಗಿ ಸುಸ್ಥಿರ ಎಂಬ ಮಾತಿಗೆ ಮಿತಿಯೂ ಅಂಟಿಕೊಂಡೇ ಬರುತ್ತದೆ: ನೆಲ ತಾಳುವಷ್ಟೇ ದನ.

ಪದವಿನ ಬಳಿ ಮನೆಯಿದ್ದವರಿಗೆ

ಎರಡು ಮೂರು ದನವಿರುವ ಮನೆಗೂ ಸರದಿ ಸಾಧ್ಯ. ಪದವನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿ, ಒಂದು ಪಾಲಿಗೆ ಹೂವು ಕಟ್ಟಿ ಬೀಜ ಉದುರುವವರೆಗೆ, ಅಂದರೆ ಅಕ್ಟೋಬರ್ ಕಳೆಯುವವರೆಗೆ ದನ ಬಿಡದಿರಿ. ಮುಂದಿನ ವರ್ಷ ಬೇರೆ ಪಾಲು. ಬೇಸಿಗೆಯಲ್ಲಿ ಹಳದಿ ಟಿಟ್ಟಿಭ ಬರಿ ಕಲ್ಲಿನ ಮೇಲೆ ನಾಲ್ಕು ಮೊಟ್ಟೆಯಿಟ್ಟು ತಲೆಯ ಮೇಲೆ ಕೂಗುತ್ತ ಹಾರಿದರೆ, ಆ ಮೂಲೆಯನ್ನು ಒಂದು ತಿಂಗಳು ಬಿಟ್ಟುಕೊಡಿ. ಜಂತುಹುಳದ ಔಷಧಿಯನ್ನು ವಾಡಿಕೆಯೆಂದು ಕೊಡುವ ಬದಲು ಪಶು ಆಸ್ಪತ್ರೆಯಲ್ಲಿ ಸಗಣಿ ಪರೀಕ್ಷೆ ಮಾಡಿಸಿ, ಬೇಕಿದ್ದರೆ ಮಾತ್ರ ಕೊಡಿಸಿ. ಕೊಟ್ಟ ಮೇಲೆ ಕೆಲವು ದಿನ ದನವನ್ನು ಹಟ್ಟಿಯಲ್ಲೇ ಕಟ್ಟಿ, ಆ ಸಗಣಿಯನ್ನು ಗೊಬ್ಬರದ ಗುಂಡಿಗೆ ಹಾಕಿ.

ನಿಮ್ಮ ಪದವು ಹೇಗಿದೆ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಮಳೆ ಹಿಡಿದ ಮೇಲೆ ಎರಡು ದಿನ ಹಳೆಯ ಸಗಣಿಯೊಂದನ್ನು ಕೋಲಿನಿಂದ ಎಬ್ಬಿಸಿ ನೋಡಿ. ಮೇಲ್ಮೈ ಜರಡಿಯಂತೆ ತೂತಾಗಿದ್ದು, ಅಡಿಯಲ್ಲಿ ಪೆನ್ಸಿಲಿನ ಗಾತ್ರದ ಬಿಲಗಳೂ ಬದಿಯಲ್ಲಿ ಹೊಸ ಮಣ್ಣಿನ ಪುಟ್ಟ ಗುಪ್ಪೆಗಳೂ ಇದ್ದರೆ ಕೆಳಗೆ ಕೆಲಸ ನಡೆಯುತ್ತಿದೆ. ನೋಡಿದ ಮೇಲೆ ಸಗಣಿಯನ್ನು ಹಾಗೆಯೇ ಮುಚ್ಚಿಡಿ, ಒಳಗೆ ಮೊಟ್ಟೆಗಳಿರುತ್ತವೆ.